ಮಧ್ಯಾಹ್ನದ ಬಾಗಿಲು ತೆರೆದಿಡಿ

ನಿವೃತ್ತಿಯ ದಿನ ಕಚೇರಿಯಲ್ಲಿ ಶಾಲು ಹೊದೆಸುತ್ತಾರೆ, ನಾಲ್ಕು ಒಳ್ಳೆಯ ಮಾತಾಡುತ್ತಾರೆ. ಪಿ.ಎಫ್., ಗ್ರಾಚ್ಯುಟಿ, ರಜೆಯ ದುಡ್ಡು ಎಲ್ಲಕ್ಕೂ ಲೆಕ್ಕವಿರುತ್ತದೆ. ಮುಂಬಯಿಯಲ್ಲಿ ಅದೇ ತಿಂಗಳು ಇನ್ನೊಂದು ಆಸ್ತಿಯೂ ಕೈತಪ್ಪುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರೈಲ್ವೆ ಪಾಸಿನ ಅವಧಿ ಮುಗಿಯುತ್ತದೆ. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಕೂತು ಬಂದ ಗೆಳತಿಯರು ಅಂದಿನಿಂದ ಕಣ್ಣಿಗೆ ಬೀಳುವುದಿಲ್ಲ.

ನಾನು ಮದುವೆಯಾಗಿ ಕಾರ್ಕಳದ ಕಡೆಯಿಂದ ಈ ಊರಿಗೆ ಬಂದದ್ದು 1972ರಲ್ಲಿ. ಮನೆ ಬೊರಿವಲಿಯಲ್ಲಿ, ಕೆಲಸ ಫೋರ್ಟಿನಲ್ಲಿ. 1992ರ ಮೇ ತಿಂಗಳಲ್ಲಿ ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಹೆಂಗಸರಿಗೆಂದೇ ಮೊದಲ ಲೇಡೀಸ್ ಸ್ಪೆಷಲ್ ಓಡತೊಡಗಿದಾಗ ನಮ್ಮ ಗುಂಪು ಸಂಜೆ ಅದನ್ನೇ ಹಿಡಿಯತೊಡಗಿತು. ಮಲಾಡಿನ ಮರಾಠಿಯವಳು, ಕಾಂದಿವಲಿಯ ಗುಜರಾತಿ ಬೆಹನ್, ಗೋರೆಗಾಂವಿನ ನಮ್ಮ ತುಳುವಕ್ಕ, ಮತ್ತೆ ನಾನು. ಮಡಿಲಲ್ಲಿ ಪೇಪರು ಹಾಸಿ ಮೆಂತ್ಯ ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು, ಅಂಧೇರಿ ದಾಟುವಷ್ಟರಲ್ಲಿ ರಾತ್ರಿಯ ಅಡುಗೆಯ ಅರ್ಧ ಕೆಲಸ ಮುಗಿಸುವುದು. ದಸರೆಗೆ ಡಬ್ಬಿಗೆ ಗೊಂಡೆ ಹೂವಿನ ಮಾಲೆ ಕಟ್ಟಿ ಆರತಿ ಎತ್ತುವುದು. ಮಲಾಡಿನವಳ ಗಂಡ ತೀರಿಕೊಂಡು, ಕಾರ್ಯವೆಲ್ಲ ಮುಗಿದು ಅವಳು ಮತ್ತೆ ಕೆಲಸಕ್ಕೆ ಬಂದ ಸಂಜೆ, ಅವಳ ಕಿಟಕಿ ಸೀಟನ್ನು ಯಾರೂ ಹಿಡಿದಿರಲಿಲ್ಲ. ಏನಾಯಿತು, ಹೇಗಾಯಿತು ಎಂದು ಒಬ್ಬರೂ ಕೇಳಲಿಲ್ಲ. ತುಳುವಕ್ಕ ತನ್ನ ಚೀಲದಿಂದ ಒಂದು ಬೊಗಸೆ ಬಟಾಣಿ ತೆಗೆದು ಅವಳ ಮಡಿಲಿಗೆ ಹಾಕಿದಳು. ಅವಳು ಸುಲಿಯತೊಡಗಿದಳು. ಬಾಂದ್ರಾ ದಾಟಿದ ಮೇಲೆ ತಾನಾಗಿಯೇ ಮಾತಾಡಿದಳು.

ಮುಪ್ಪಿಗೆ ಬೇಕಾದದ್ದು ಇದೇ ಎಂದು ಈಗ ನನಗೆ ಖಚಿತವಾಗಿದೆ. ಔಷಧಿ ಬೇಕು, ದುಡ್ಡು ಬೇಕು, ಮಕ್ಕಳ ಪ್ರೀತಿಯೂ ಬೇಕು. ಆದರೆ ನಾವು ಬಾರದಿದ್ದರೆ ‘ಇವತ್ತು ಯಾಕೆ ಬಂದಿಲ್ಲ’ ಎಂದು ಕೇಳುವ ನಾಲ್ಕು ಜನ ಮನೆಯಾಚೆಗೂ ಇರಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಶುರುಮಾಡಿ, ನೂರಾರು ಜನರ ಇಡೀ ಜೀವನವನ್ನೇ ಬೆನ್ನುಹತ್ತಿ ಮಾಡಿದ ಅಧ್ಯಯನವೂ ಇದನ್ನೇ ಹೇಳಿತು. ಐವತ್ತರ ವಯಸ್ಸಿನಲ್ಲಿ ಯಾರ ಸಂಬಂಧಗಳು ಚೆನ್ನಾಗಿದ್ದವೋ, ಎಂಬತ್ತರಲ್ಲಿ ಅವರೇ ಹೆಚ್ಚು ಗಟ್ಟಿಯಾಗಿದ್ದರು. ಕೊಲೆಸ್ಟೆರಾಲ್ ನೋಡಿ ಊಹಿಸುವುದಕ್ಕಿಂತ ಇದರಿಂದ ಊಹಿಸುವುದೇ ಹೆಚ್ಚು ಸರಿಯಾಗಿತ್ತಂತೆ.

ಗೆಳೆತನ ಮನಸ್ಸಿನ ವಿಷಯ, ಮನಸ್ಸಿದ್ದರೆ ಉಳಿಯುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ನಾಲ್ವರನ್ನು ಒಟ್ಟಿಗೆ ಇಟ್ಟದ್ದು ಒಂದು ಹೊತ್ತು ಮತ್ತು ಒಂದು ಜಾಗ. ಇಂಥ ಗಾಡಿ, ಇಂಥ ಡಬ್ಬಿ ಎಂಬ ಗೊತ್ತುಪಾಡು ಇದ್ದುದರಿಂದಲೇ ಭೇಟಿಯಾಗಲು ಯಾರೂ ಏರ್ಪಾಡು ಮಾಡಬೇಕಿರಲಿಲ್ಲ. ಅದು ಹೋದ ಮೇಲೆ ಪ್ರೀತಿ ಇದ್ದೂ ಭೇಟಿ ತಪ್ಪಿತು. ಫೋನಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ ಬರುತ್ತದೆ, ನಾನೂ ಒಂದು ಕಳಿಸುತ್ತೇನೆ. ಆದರೆ ಅವಳು ಇಳಿದುಹೋಗಿದ್ದಾಳೆಯೇ, ಕೈ ನಡುಗುತ್ತಿದೆಯೇ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ.

ಈ ನಗರದಲ್ಲಿ ಹಿರಿಯರು ಒಬ್ಬರನ್ನೊಬ್ಬರು ನೋಡುವುದು ಸುಲಭವಲ್ಲ. ಬೆಳಿಗ್ಗೆ ಹನ್ನೊಂದರ ಮೊದಲು, ಸಂಜೆ ಐದರ ನಂತರ ಲೋಕಲ್ ಹತ್ತಲು ನಮ್ಮ ಮೊಣಕಾಲುಗಳಿಂದಾಗದು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ಮೂರನೇ ಮಾಳಿಗೆಯವರು ಇಳಿದು ಹತ್ತುವುದಕ್ಕೆ ಹೆದರಿ ಒಳಗೇ ಉಳಿಯುತ್ತಾರೆ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದರೆ ಎದುರುಬದುರು ಬಾಗಿಲಿನವರು ಬಾಡಿಗೆ ಮನೆ ಹುಡುಕಿಕೊಂಡು ಒಬ್ಬರು ವಿರಾರಿಗೆ, ಒಬ್ಬರು ಕಲ್ಯಾಣಕ್ಕೆ ಹೊರಡುತ್ತಾರೆ. ಬಿಲ್ಡರು ಹೇಳುವ ಮೂರು ನಾಲ್ಕು ವರ್ಷ ಯುವಕರಿಗೆ ಬೇಗ ಕಳೆದೀತು. ಎಂಬತ್ತರ ಅಂಚಿನಲ್ಲಿರುವವರಿಗೆ ಉಳಿದಿರುವುದೇ ಅಷ್ಟು ಎಂದಾದರೆ? ಊರಿಗೆ ಹೋಗಿ ಅಕ್ಕತಂಗಿಯರನ್ನು ನೋಡಿ ಬರೋಣವೆಂದರೆ, ಹಿರಿಯ ನಾಗರಿಕರಿಗೆ ಇದ್ದ ರೈಲ್ವೆ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಹೆಂಗಸರಿಗೆ 58 ದಾಟಿದರೆ ಅರ್ಧ ದರ ಇತ್ತು, ಗಂಡಸರಿಗೆ 60 ದಾಟಿದರೆ ನೂರಕ್ಕೆ 40 ಕಡಿತವಿತ್ತು. ಪಿಂಚಣಿ ಇಲ್ಲದವರಿಗೆ ಊರಿಗೆ ಹೋಗುವ ಮತ್ಸ್ಯಗಂಧ ರೈಲಿನ ಪೂರ್ತಿ ಟಿಕೆಟು ಸಣ್ಣ ಖರ್ಚಲ್ಲ. ಆ ರಿಯಾಯಿತಿಯನ್ನು ಮರಳಿ ಕೊಡಬೇಕು.

ಹಾಗಾದರೆ ನಮಗೆ ಉಳಿದ ಹೊತ್ತು ಯಾವುದು? ಮಧ್ಯಾಹ್ನ. ಹನ್ನೊಂದರಿಂದ ನಾಲ್ಕರವರೆಗೆ ಲೋಕಲಿನಲ್ಲಿ ಕೂರಲು ಸೀಟು ಸಿಗುತ್ತದೆ, ಸೇತುವೆಯ ಮೇಲೆ ನಿಧಾನವಾಗಿ ನಡೆದರೆ ಹಿಂದಿನಿಂದ ಯಾರೂ ನೂಕುವುದಿಲ್ಲ. ನಾನೂ ತುಳುವಕ್ಕನೂ ಈ ಹೊತ್ತಿನಲ್ಲೇ ಮಾಟುಂಗಾದಲ್ಲಿ ಭೇಟಿಯಾಗುತ್ತೇವೆ. ಅವಳು ಈಗ ಮಗನ ಜೊತೆ ಡೊಂಬಿವಲಿಯಲ್ಲಿದ್ದಾಳೆ. ಅವಳು ಸೆಂಟ್ರಲ್ ಲೈನಿನಲ್ಲಿ ಇಳಿಯುತ್ತಾಳೆ, ನಾನು ಮಾಟುಂಗಾ ರೋಡಿನಲ್ಲಿ ಇಳಿದು ಝಡ್ ಬ್ರಿಡ್ಜ್ ದಾಟಿ ಹೋಗುತ್ತೇನೆ. ಸ್ಟೇಷನ್ ಹೊರಗೆ ಮಲ್ಲಿಗೆ ಕೊಳ್ಳುತ್ತೇವೆ, ಒಂದು ಇಡ್ಲಿ, ಒಂದು ಕಾಪಿ. ಆಮೇಲೆ ಎಲ್ಲಿ ಕೂರುವುದು? ಹೋಟೆಲಿನಲ್ಲಿ ಟೇಬಲಿಗೆ ಜನ ಕಾಯುತ್ತಿರುತ್ತಾರೆ, ನಾವೇ ಸಂಕೋಚದಿಂದ ಏಳುತ್ತೇವೆ. ಬಿಸಿಲಿನಲ್ಲಿ ಪಾರ್ಕಿನ ಬೆಂಚು ಸುಡುತ್ತದೆ, ಮಳೆಗಾಲದಲ್ಲಿ ಅದೂ ಇಲ್ಲ.

ಅದೇ ಹೊತ್ತಿಗೆ, ನಮ್ಮವರೇ ಬೆವರು ಸುರಿಸಿ ಕಟ್ಟಿದ ಕನ್ನಡ ಸಂಘಗಳ ಎಷ್ಟೋ ಕೋಣೆಗಳು ಖಾಲಿ ಇರುತ್ತವೆ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದ್ದು, ಬಂಟರ ಸಂಘ 1927ರದ್ದು, ಬಿಲ್ಲವರ ಅಸೋಸಿಯೇಷನ್ 1932ರದ್ದು, ಕರ್ನಾಟಕ ಸಂಘ 1933ರದ್ದು. ಇಷ್ಟು ದೊಡ್ಡ ಆಸ್ತಿ ಹೊರನಾಡಿನ ಎಷ್ಟು ಕನ್ನಡಿಗರಿಗೆ ಇದೆ? ಸಂಜೆ ಯಕ್ಷಗಾನ, ನಾಟಕ, ಪುಸ್ತಕ ಬಿಡುಗಡೆ. ಮುಹೂರ್ತವಿದ್ದ ದಿನ ಮದುವೆ. ಎಲ್ಲವೂ ಬೇಕು. ನಾನು ಕೇಳುವುದು ವಾರದ ದಿನಗಳ ಮಧ್ಯಾಹ್ನವನ್ನು ಮಾತ್ರ.

ಇದು ಹೊಸ ಬೇಡಿಕೆಯಲ್ಲ. ಊರಿನಿಂದ ಹನ್ನೆರಡು ಹದಿಮೂರರ ವಯಸ್ಸಿಗೆ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗರಿಗೆ ಬಿಡುವು ಸಿಗುತ್ತಿದ್ದುದು ರಾತ್ರಿ ಮಾತ್ರ. ನಮ್ಮ ಹಿರಿಯರು ಆ ಹುಡುಗರ ಬಿಡುವಿಗೆ ತಕ್ಕಂತೆ ಕನ್ನಡ ರಾತ್ರಿ ಶಾಲೆಗಳನ್ನು ತೆರೆದರು. ಅಲ್ಲಿ ಕಲಿತವರು ಗುಮಾಸ್ತರಾದರು, ವಕೀಲರಾದರು, ಹೋಟೆಲು ಮಾಲೀಕರಾದರು. ಆ ಹುಡುಗರೇ ಇವತ್ತು ನಾಲಾಸೋಪಾರಾದಲ್ಲೋ ಡೊಂಬಿವಲಿಯಲ್ಲೋ ಕಿಟಕಿಯ ಪಕ್ಕ ಕೂತ ಅಜ್ಜಂದಿರು. ಗಂಡಸರ ಪಾಡು ಇನ್ನೂ ಕಷ್ಟ. ಕೆಲಸದಾಚೆ ಗೆಳೆತನ ಮಾಡಲು ಅವರಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಅಂದು ಅವರಿಗಾಗಿ ರಾತ್ರಿ ದೀಪ ಹಚ್ಚಿದ ಸಂಸ್ಥೆಗಳು ಇಂದು ಅವರಿಗಾಗಿ ಮಧ್ಯಾಹ್ನ ಬಾಗಿಲು ತೆರೆಯಬೇಕು.

ಬೇಕಾದದ್ದು ಹೆಚ್ಚೇನಲ್ಲ. ನೆಲ ಅಂತಸ್ತಿನಲ್ಲೋ ಲಿಫ್ಟ್ ಇರುವಲ್ಲೋ ಒಂದು ಕೋಣೆ. ಕೈ ಊರಿ ಏಳಲು ಬರುವಂಥ ಕುರ್ಚಿಗಳು. ಹತ್ತಿರದಲ್ಲೇ ಚೊಕ್ಕಟವಾದ ಶೌಚಾಲಯ, ಒಳಗೆ ಹಿಡಿದುಕೊಳ್ಳಲು ಗೋಡೆಗೊಂದು ಸರಳು. ಕನ್ನಡ ಪತ್ರಿಕೆ, ಕೇರಂ ಬೋರ್ಡು, ಚಹಾ. ವೇದಿಕೆ, ಮೈಕು, ಸನ್ಮಾನ ಬೇಡ. ವರ್ಷಕ್ಕೊಮ್ಮೆ ಶಾಲು ಹೊದೆಸಿಕೊಳ್ಳುವುದಕ್ಕಿಂತ ವಾರವಾರ ಕೂತು ಮಾತಾಡುವುದು ನಮಗೆ ದೊಡ್ಡ ಗೌರವ. ಒಂದು ಹಾಜರಿ ಪುಸ್ತಕ ಇರಲಿ. ಎರಡು ವಾರ ಬಾರದವರಿಗೆ ಯಾರಾದರೂ ಫೋನು ಮಾಡಲಿ.

ಆ ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ಯಾರೂ ಯಾರ ಜಾತಿಯನ್ನೂ ಕೇಳಿರಲಿಲ್ಲ. ದುಡಿಯುವಾಗ ಇಡೀ ಮುಂಬಯಿಯ ಜೊತೆ ಬೆರೆತವರು ಮುಪ್ಪಿನಲ್ಲಿ ತಂತಮ್ಮ ಜಾತಿಯ ಸಭಾಂಗಣದೊಳಕ್ಕೆ ಹೋಗಿ ಕೂರುವಂತಾಗಬಾರದು. ಬಂಟರ ಸಂಘದ ಕೋಣೆಯಲ್ಲಿ ಧಾರವಾಡದ ಅಜ್ಜಿ, ಮೈಸೂರು ಅಸೋಸಿಯೇಷನ್ನಿನಲ್ಲಿ ಮೊಗವೀರ ಅಜ್ಜ, ಅವರ ಜೊತೆಗೆ ಪಕ್ಕದ ಮನೆಯ ಮರಾಠಿ ಗೆಳತಿ ಕೂರಲಿ.

ನನ್ನ ವಾರಗೆಯವರಿಗೂ ಒಂದು ಮಾತು. ಬಾಗಿಲು ತೆರೆದರೆ ಸಾಲದು, ನಾವು ಮನೆಯಿಂದ ಹೊರಡಬೇಕು. ‘ಅವಳೇ ಫೋನು ಮಾಡಲಿ’ ಎಂದು ಕಾಯುವ ವಯಸ್ಸು ಇದಲ್ಲ. ನಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರ ಸ್ನೇಹವನ್ನೂ ಮಾಡೋಣ, ಏಕೆಂದರೆ ಒಡನಾಡಿಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೈಯಲ್ಲಾಗುವುದನ್ನು ಕೊಡೋಣ: ಮೊಮ್ಮಕ್ಕಳಿಗೆ ಕನ್ನಡ ಅಕ್ಷರ, ಹೊಸ ಸೊಸೆಯರಿಗೆ ಪತ್ರೊಡೆ, ಬ್ಯಾಂಕಿನ ಫಾರ್ಮು ತುಂಬಲು ಬಾರದವರಿಗೆ ಒಂದಿಷ್ಟು ನೆರವು.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಎತ್ತಿಕೊಳ್ಳಿ. ಮೊದಲು ವಾರಕ್ಕೆ ಒಂದು ಮಧ್ಯಾಹ್ನ ತೆರೆದು ನೋಡಿ. ಕುರ್ಚಿ ಜೋಡಿಸಲು, ಚಹಾ ಕಾಯಿಸಲು, ಹಾಜರಿ ಹಿಡಿಯಲು ಆಳು ಬೇಡ. ಅದನ್ನೆಲ್ಲ ನಾವೇ ಮಾಡುತ್ತೇವೆ.