ಒಂದೇ ಪಾತ್ರೆಯ ಊಟ

ಗುರುವಾರ ರಾತ್ರಿ ನಮ್ಮ ಮನೆಯ ಊಟದ ಮೇಜಿನ ನಡುವೆ ಒಂದು ಗಾಜಿನ ಪಾತ್ರೆ ಬಂದು ಕೂರುತ್ತದೆ. ಒಂದೂವರೆ ಗೇಣು ಉದ್ದ, ನಾಲ್ಕು ಬೆರಳು ಆಳ. ಒಳಗೆ ಟೊಮೇಟೊ ರಸದಲ್ಲಿ ಬೆಂದ ಪಾಸ್ತಾ. ಮೇಲೆ ಹೊಂಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಕಂದಿದ ಚೀಸಿನ ಹೊದಿಕೆ. ಅನ್ನವಿಲ್ಲ, ಸಾರಿಲ್ಲ, ಪಲ್ಯವಿಲ್ಲ. ಮಗ್ಗುಲಲ್ಲಿ ಹೆಚ್ಚಿದ ಸೌತೆಕಾಯಿ ಇದ್ದರೆ ಇದ್ದೀತು. ಇದು ಮೊದಲ ಸಲ ಮೇಜಿಗೆ ಬಂದ ದಿನ ನನ್ನ ಅತ್ತೆಯವರು ಬಹಳ ಹೊತ್ತು ಅದನ್ನೇ ನೋಡಿ, “ಏನಮ್ಮಾ, ಇದು ಊಟವೋ ತಿಂಡಿಯೋ?” ಎಂದು ಕೇಳಿದರು.

ಕನ್ನಡ ಪಾಠ ಹೇಳಿ ಜೀವನ ಸಾಗಿಸುವ ನನಗೆ ಈ ಪ್ರಶ್ನೆಯನ್ನು ಸುಮ್ಮನೆ ಬಿಟ್ಟುಬಿಡಲು ಆಗಲಿಲ್ಲ. ಉಣ್ಣುವುದಕ್ಕೂ ತಿನ್ನುವುದಕ್ಕೂ ನಡುವೆ ನಮ್ಮ ನುಡಿ ಗಟ್ಟಿಯಾದ ಗೆರೆಯೊಂದನ್ನು ಎಳೆದಿದೆ. ಅನ್ನವನ್ನೂ ಮುದ್ದೆಯನ್ನೂ ಉಣ್ಣುತ್ತೇವೆ. ದೋಸೆಯನ್ನೂ ಉಪ್ಪಿಟ್ಟನ್ನೂ ತಿನ್ನುತ್ತೇವೆ. ಎಂಟು ದೋಸೆ ಮುಗಿಸಿ ಕೈ ತೊಳೆದವನನ್ನು “ಊಟವಾಯಿತೆ?” ಎಂದು ಕೇಳಿ ನೋಡಿ, “ಇಲ್ಲ, ತಿಂಡಿಯಾಯಿತು” ಎನ್ನುತ್ತಾನೆ. ಹೊಟ್ಟೆ ತುಂಬುವುದಕ್ಕೂ ಊಟಕ್ಕೂ ಸಂಬಂಧವಿಲ್ಲವೆಂದಾಯಿತು. ಊಟವೆಂದರೆ ಒಂದು ಕ್ರಮ. ಎಲೆಯ ತುದಿಯಲ್ಲಿ ಉಪ್ಪು, ಅದರ ಪಕ್ಕದಲ್ಲಿ ಕೋಸಂಬರಿ, ಆಮೇಲೆ ಪಲ್ಯ, ನಡುವೆ ಅನ್ನ, ಸಾರಿನ ನಂತರ ಮಜ್ಜಿಗೆ. ಆ ಕ್ರಮ ನಡೆಯಬೇಕಾದರೆ ಯಾರಾದರೊಬ್ಬರು ಪಾತ್ರೆ ಹಿಡಿದು ಓಡಾಡುತ್ತಿರಬೇಕು. ಊಟವೆಂಬ ಮಾತಿನೊಳಗೇ ಬಡಿಸುವವರೊಬ್ಬರು ನಿಂತಿದ್ದಾರೆ. ಅವರು ಕುಳಿತದ್ದನ್ನು ಕಂಡವರು ಕಡಮೆ.

ಅವಸರದ ಸಂಸಾರಗಳ ಅಡುಗೆಯೆಂದು ಇಂದು ಹೆಸರಾಗಿರುವ ಈ ಬೇಯಿಸಿದ ಪಾಸ್ತಾ ತನ್ನ ತವರಿನಲ್ಲಿ ಅವಸರದ್ದೇನೂ ಆಗಿರಲಿಲ್ಲ. ಅದು ನಮ್ಮ ಶ್ಯಾವಿಗೆಯ ದೂರದ ನೆಂಟ. 1154ರಲ್ಲಿ ಅರಬ್ಬೀ ಭೂಗೋಳಜ್ಞ ಅಲ್ ಇದ್ರೀಸಿ ಸಿಸಿಲಿ ದ್ವೀಪವನ್ನು ವರ್ಣಿಸುವಾಗ, ಪಾಲೆರ್ಮೊ ನಗರದ ಹತ್ತಿರ ತ್ರಾಬಿಯಾ ಎಂಬ ಊರಿನಲ್ಲಿ ಗೋಧಿಯ ಇಂಥ ಎಳೆಗಳನ್ನು ಹೇರಳವಾಗಿ ಮಾಡಿ ಹಡಗುಗಳಲ್ಲಿ ಹೊರನಾಡುಗಳಿಗೆ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಮುಂದೆ ಶ್ರೀಮಂತರ ಮನೆಗಳಲ್ಲಿ ಅದು ಮಾಂಸ, ಮೊಟ್ಟೆ, ಮಸಾಲೆಗಳೊಡನೆ ಹಿಟ್ಟಿನ ಕವಚದೊಳಗೆ ಸೇರಿ, ಒಲೆಗೂಡಿನಲ್ಲಿ ಬೆಂದು, ‘ತಿಂಬಾಲ್ಲೊ’ ಎಂಬ ಭಾರಿ ಭಕ್ಷ್ಯವಾಯಿತು. ಲಾಂಪೆದೂಸ ತೀರಿಕೊಂಡ ಮರುವರ್ಷ, 1958ರಲ್ಲಿ, ಪ್ರಕಟವಾದ ‘ಇಲ್ ಗಾತ್ತೊಪಾರ್ದೊ’ ಕಾದಂಬರಿಯನ್ನು ಓದಿದವರಿಗೆ ಆ ಭೋಜನದ ಪ್ರಸಂಗ ನೆನಪಿರಬೇಕು. ಕಾಲ 1860. ಸಿಸಿಲಿಯ ದೊರೆಮಗನ ಬೇಸಗೆಯ ಅರಮನೆ. ಹೊಸ ಫ್ಯಾಷನ್ನಿನಂತೆ ಮೊದಲು ತಿಳಿಸಾರು ಬಂದೀತೋ ಏನೋ ಎಂದು ಅಂಜಿ ಕುಳಿತಿದ್ದ ಊರಿನ ಅತಿಥಿಗಳು, ಮ್ಯಾಕರೋನಿಯ ಬೆಟ್ಟದಂಥ ತಿಂಬಾಲ್ಲೊಗಳು ಬಂದದ್ದನ್ನು ಕಂಡು ನಿಟ್ಟುಸಿರು ಬಿಡುತ್ತಾರೆ. ಕತ್ತಿ ಆ ಕವಚವನ್ನು ಸೀಳಿದೊಡನೆ ಹೊಮ್ಮುವ ದಾಲ್ಚಿನ್ನಿಯ ಕಂಪನ್ನು ಕಾದಂಬರಿಕಾರ ಕವಿಗಳು ವಸಂತವನ್ನು ಬಣ್ಣಿಸುವಷ್ಟು ಆಸ್ಥೆಯಿಂದ ಬಣ್ಣಿಸಿದ್ದಾನೆ. ಅದನ್ನು ಹೊತ್ತು ತಂದವರು ಆಳುಗಳು. ಅಂಥ ಮನೆಗಳ ಅಡುಗೆಯವರಿಗೆ ‘ಮೊನ್ಸೂ’ ಎಂಬ ಬಿರುದಿತ್ತು. ಫ್ರೆಂಚಿನ ‘ಮೊಸ್ಯೂ’ ಸಿಸಿಲಿಯವರ ಬಾಯಲ್ಲಿ ಪಡೆದ ತದ್ಭವ ಅದು.

ಇಟಲಿಯ ಸಾಮಾನ್ಯರ ಮನೆಗಳಲ್ಲೂ ಇದು ಭಾನುವಾರದ, ಹಬ್ಬದ ಅಡುಗೆ. ಬೊಲೋನ್ಯದ ಲಸಾನ್ಯ ಎಂದರೆ ಹಾಳೆ ಲಟ್ಟಿಸಬೇಕು, ಮಾಂಸದ ಗೊಜ್ಜನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಬೇಕು, ಹಾಲು ಬೆಣ್ಣೆ ಹಿಟ್ಟುಗಳ ಬಿಳಿಯ ಸಾರ ಕೂಡಿಸಬೇಕು. ಅರ್ಧ ದಿನದ ದುಡಿಮೆ. ಅದು ವಾರದ ನಡುವಿನ ಸಂಜೆಗೆ ಇಳಿದು ಬಂದದ್ದು ಬಹುಮಟ್ಟಿಗೆ ಅಮೆರಿಕದ ಅಡುಗೆಮನೆಗಳಲ್ಲಿ. ಕಾರ್ಖಾನೆಯ ಒಣ ಪಾಸ್ತಾ, ಡಬ್ಬಿಯ ಟೊಮೇಟೊ ಇವುಗಳ ದೆಸೆಯಿಂದ. ನಾನು ಇವುಗಳೊಂದಿಗೆ ಆ ಗಾಜಿನ ಪಾತ್ರೆಯನ್ನೂ ಸೇರಿಸುತ್ತೇನೆ. ಅದರ ಹುಟ್ಟಿನ ಕಥೆ ಸೊಗಸಾಗಿದೆ. ಅಮೆರಿಕದ ಕಾರ್ನಿಂಗ್ ಗಾಜಿನ ಕಾರ್ಖಾನೆಯಲ್ಲಿ ಜೆಸ್ಸಿ ಲಿಟಲ್‌ಟನ್ ಎಂಬ ವಿಜ್ಞಾನಿ ಇದ್ದ. 1913ರಲ್ಲಿ ಅವನ ಮಡದಿ ಬೆಸ್ಸಿ, ಗಂಡ ಮನೆಗೆ ತಂದ ಬ್ಯಾಟರಿ ಜಾಡಿಯ ಕತ್ತರಿಸಿದ ತಳಭಾಗದಲ್ಲಿ ಕೇಕು ಬೇಯಿಸಿ ತೋರಿಸಿದಳು. ಗಾಜು ಒಡೆಯಲಿಲ್ಲ, ಕೇಕು ಸಮನಾಗಿ ಬೆಂದಿತ್ತು. 1915ರಲ್ಲಿ ಪೈರೆಕ್ಸ್ ಪಾತ್ರೆಗಳು ಅಂಗಡಿಗೆ ಬಂದುವು. ಬೆಂದ ಪಾತ್ರೆಯೇ ಬಡಿಸುವ ಪಾತ್ರೆಯೂ ಆಗಿ ನೇರವಾಗಿ ಮೇಜಿಗೆ ಬಂತು.

ಈಗ ಮಾಡುವ ಬಗೆ. ‘ಒಂದೇ ಪಾತ್ರೆ’ ಎಂಬುದು ಅರ್ಧ ಸುಳ್ಳೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ: ಮೇಜಿಗೆ ಬರುವುದು ಒಂದು, ತೊಳೆಯಲು ಬೀಳುವುದು ಮೂರು. ನಾವು ಐದು ಜನ. ಭಾನುವಾರವೇ ಎರಡು ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ ಹುರಿದು ಒಂದು ಕಿಲೋ ಹಣ್ಣು ಟೊಮೇಟೊ ಹಾಕಿ ಅರ್ಧ ಗಂಟೆ ಕುದಿಸಿ ಫ್ರಿಜ್ಜಿನಲ್ಲಿಟ್ಟಿರುತ್ತೇವೆ. ಓರೆಗಾನೊ ಎಂಬ ಪರದೇಶದ ಸೊಪ್ಪಿಗೆ ಬದಲಾಗಿ ಹಿತ್ತಿಲ ದೊಡ್ಡಪತ್ರೆ ಎರಡೆಲೆ ಸಾಕು. ಅದನ್ನು ಕೆಲವು ನಾಡುಗಳಲ್ಲಿ ಕ್ಯೂಬಾದ ಓರೆಗಾನೊ ಎಂದೇ ಕರೆಯುತ್ತಾರೆ. ಗುರುವಾರ 400 ಗ್ರಾಂ ಪಾಸ್ತಾವನ್ನು ಉಪ್ಪು ನೀರಿನಲ್ಲಿ, ಪೊಟ್ಟಣ ಹೇಳಿದ್ದಕ್ಕಿಂತ ಎರಡು ನಿಮಿಷ ಕಡಮೆ ಬೇಯಿಸಿ, ಆ ನೀರಿನಲ್ಲೇ ಒಂದು ಸೌಟನ್ನು ಉಳಿಸಿಕೊಂಡು ಗೊಜ್ಜಿನೊಡನೆ ಕಲೆಸಬೇಕು. ಗೊಜ್ಜು ‘ಇದೇಕೋ ಬಹಳ ತೆಳುವಾಯಿತು’ ಎನ್ನಿಸುವಷ್ಟು ತೆಳುವಾಗಿರಲಿ. ಪಾಸ್ತಾ ಒಳಗೆ ಕುಳಿತು ಅದನ್ನು ಕುಡಿಯುತ್ತದೆ. ಮೇಲೆ 200 ಗ್ರಾಂ ಮೊಝರೆಲ್ಲ ತುರಿ ಹರಡಿ, 190 ಡಿಗ್ರಿಯ ಓವನ್ನಿನಲ್ಲಿ 25 ನಿಮಿಷ. ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಟ್ಟರೆ ಸಡಿಲವಾದದ್ದು ಬಿಗಿಯುತ್ತದೆ. ನಾನು ಮೊದಲ ಸಲ ಪಾಸ್ತಾವನ್ನು ಪೂರ್ತಿ ಬೇಯಿಸಿ ಗೊಜ್ಜನ್ನು ಗಟ್ಟಿ ಮಾಡಿದ್ದೆ. ಮೇಲೆ ಹಪ್ಪಳ, ಒಳಗೆ ಅಂಟು. ಮನೆಯವರು ಮೌನವಾಗಿ ತಿಂದರು. ಆ ಮೌನ ನನಗಿನ್ನೂ ನೆನಪಿದೆ.

ಇದರಲ್ಲಿ ನನಗೆ ಬೇಕಾದದ್ದು ಆ 25 ನಿಮಿಷಗಳು ಮತ್ತು ಅವುಗಳ ನಂತರದ ಊಟ.

ನನ್ನ ತಾಯಿ ದೋಸೆಯನ್ನು ಬಿಸಿಬಿಸಿಯಾಗಿ ಒಂದೊಂದೇ ತಂದು ತಟ್ಟೆಗೆ ಹಾಕುತ್ತಿದ್ದಳು. ಆರಿದ ದೋಸೆಯನ್ನು ತಂದೆಯವರು ಮುಟ್ಟುತ್ತಿರಲಿಲ್ಲ. ನಾವು ಮಕ್ಕಳೂ ಅದನ್ನೇ ಕಲಿತೆವು. ಎಲ್ಲರೂ ಎದ್ದು ಹೋದ ಮೇಲೆ, ಕಾವಲಿಯ ಮೇಲೆ ಉಳಿದದ್ದನ್ನು ಅವಳು ಒಲೆಯ ಬಳಿ ನಿಂತೇ ಮುಗಿಸುತ್ತಿದ್ದಳು. ‘ಬಿಸಿಬಿಸಿ’ ಎಂಬ ಜೋಡುನುಡಿಯನ್ನು ನಾವು ಎಷ್ಟು ಚಪ್ಪರಿಸಿ ಆಡುತ್ತೇವೆ! ಆ ಒಂದೊಂದು ‘ಬಿಸಿ’ಗೂ ಒಬ್ಬರು ಒಲೆಯ ಮುಂದೆ ನಿಂತಿರಬೇಕೆಂಬುದು ನನಗೆ ಹೊಳೆದದ್ದು ನಾನೇ ಅಲ್ಲಿ ನಿಂತ ಮೇಲೆ. ಅವಳು ನಮ್ಮೊಡನೆ ಕುಳಿತು ಉಂಡ ಒಂದು ದಿನವನ್ನು ನೆನಪಿಗೆ ತಂದುಕೊಳ್ಳಲು ಎಷ್ಟೋ ಸಲ ಯತ್ನಿಸಿದ್ದೇನೆ. ಮದುವೆ ಮುಂಜಿಗಳ ಪಂಕ್ತಿಯನ್ನು ಬಿಟ್ಟರೆ ಒಂದೂ ಸಿಗುವುದಿಲ್ಲ. ಕೇಳೋಣವೆಂದರೆ ಈಗ ಅವಳಿಲ್ಲ.

ಪಾಸ್ತಾ ಒಲೆಗೂಡಿಗೆ ಹೋದ ಮೇಲೆ ಅದಕ್ಕೆ ಯಾರೂ ಬೇಕಿಲ್ಲ. ಹೊರಬಂದ ಮೇಲೂ ಪಾತ್ರೆಯ ಕಾವು ಅರ್ಧ ಗಂಟೆ ಅದನ್ನು ಕಾಯುತ್ತದೆ. ಹೀಗಾಗಿ ಅಡುಗೆ ಮಾಡಿದವರೂ ಕೈ ಒರೆಸಿಕೊಂಡು ಕುಳಿತುಕೊಳ್ಳಬಹುದು. ನನ್ನ ವಾದವೆಲ್ಲ ಇಷ್ಟೆ. ಇದನ್ನು ಬಿಸಿಬೇಳೆ ಬಾತಿನಿಂದಲೂ ಖಿಚಡಿಯಿಂದಲೂ ಸಾಧಿಸಬಹುದಲ್ಲ ಎಂದರೆ, ಧಾರಾಳವಾಗಿ ಸಾಧಿಸಬಹುದು, ನಾವೂ ಮಾಡುತ್ತೇವೆ. ಪರಾನುಕರಣೆಯೆಂದು ಮೂಗು ಮುರಿಯುವ ಮಿತ್ರರೊಬ್ಬರಿಗೆ ನಾನು ಹೇಳುವುದೂ ಅದನ್ನೇ: ಪಾಸ್ತಾ ಬೇಡವಾದರೆ ಬಾತು ಮಾಡಿ, ಆದರೆ ಮಾಡಿದವರು ಕುಳಿತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ. ಚೀಸು ಅಗ್ಗವಲ್ಲ, ದಿನವೂ ತಿನ್ನತಕ್ಕದ್ದೂ ಅಲ್ಲ ಎಂಬ ಆಕ್ಷೇಪಣೆಯನ್ನು ಮಾತ್ರ ಮರುಮಾತಿಲ್ಲದೆ ಒಪ್ಪುತ್ತೇನೆ. ಅದಕ್ಕೇ ವಾರಕ್ಕೊಂದು ಸಲ.

ಇನ್ನೊಂದು ಗುಣ ಇದಕ್ಕುಂಟು. ಅದನ್ನು ದೋಷವೆನ್ನುವವರೂ ಇದ್ದಾರೆ. ಇದಕ್ಕೆ ಕೈಗುಣ ಬೇಕಿಲ್ಲ. ಕೈಗುಣವೆಂಬುದು ಹೆಂಗಸರಿಗೆ ನಾವು ಕೊಟ್ಟಿರುವ ಅತ್ಯಂತ ಸುಂದರವಾದ ಹೊಗಳಿಕೆ. ಅವರನ್ನು ಒಲೆಗೆ ಕಟ್ಟಿಹಾಕಿರುವ ಹಗ್ಗವೂ ಅದೇ. “ನಿನ್ನ ಕೈ ಸಾರಿನಂತೆ ಯಾರದ್ದೂ ಆಗುವುದಿಲ್ಲ” ಎಂದೊಡನೆ ನಾಳೆಯೂ ಸಾರು ಅವಳದ್ದೇ. ತೂಕ, ಡಿಗ್ರಿ, ನಿಮಿಷಗಳ ಈ ಅಡುಗೆ ಯಾರ ಕೈಗೂ ಒಲಿಯುತ್ತದೆ. ಗುರುವಾರ ನನಗೆ ಸಂಜೆಯವರೆಗೆ ತರಗತಿ, ಪಾಸ್ತಾ ನಮ್ಮವರದು. ಸಾರಿಗೆ ಒಗ್ಗರಣೆ ಹಾಕಲು ಇಪ್ಪತ್ತು ವರ್ಷ ಹೆದರಿದವರು ಇದನ್ನು ಮೂರನೆಯ ವಾರಕ್ಕೆ ಕೈವಶ ಮಾಡಿಕೊಂಡರು. ಹಾಗೆಂದು ಎಲ್ಲ ಅಡುಗೆಯೂ ಹೀಗೇ ತೂಕಕ್ಕಿಳಿಯಲೆಂದು ನಾನು ಬಯಸುವುದಿಲ್ಲ. ನನ್ನ ತಾಯಿಯ ಸಾರಿನ ರುಚಿ ಯಾವ ಕಾಗದದಲ್ಲೂ ಬರೆದಿಟ್ಟದ್ದಲ್ಲ, ಅದು ಅವಳೊಂದಿಗೇ ಹೋಯಿತು. ಆ ನಷ್ಟವನ್ನು ಯಾವ ಓವನ್ನೂ ತುಂಬಿಕೊಡಲಾರದು.

ಅತ್ತೆಯವರ ಪ್ರಶ್ನೆಗೆ ನಾನು ಆ ದಿನ ಉತ್ತರ ಹೇಳಲಿಲ್ಲ. ಅವರಿಗೀಗ ಎಪ್ಪತ್ತೆಂಟು. ದೊಡ್ಡ ಸಂಸಾರದಲ್ಲಿ ಕೊನೆಗೆ ಉಂಡವರು. ಪಾತ್ರೆಯ ತಳ ಹತ್ತಿದ ಅನ್ನ ಅವರ ಪಾಲು, ಕೇಳಿದರೆ ತಮಗೆ ಅದೇ ಇಷ್ಟವೆನ್ನುತ್ತಿದ್ದರು. ಈ ಗಾಜಿನ ಪಾತ್ರೆಯಲ್ಲಿ ಅಂಚಿಗೆ ಹತ್ತಿ ಕಂದಿ ಗರಿಗರಿಯಾದ ನಾಲ್ಕು ಮೂಲೆಗಳೇ ಎಲ್ಲಕ್ಕಿಂತ ರುಚಿ. ಮಕ್ಕಳು ಅವಕ್ಕಾಗಿ ದಿನವೂ ಜಗಳ ತೆಗೆಯುವವರು. ಹೋದ ಗುರುವಾರ ಎಲ್ಲರೂ ಕುಳಿತಾಗ ನಮ್ಮವರು ಚಮಚ ಹಾಕುವ ಮೊದಲೇ ಅತ್ತೆಯವರು ತಟ್ಟೆಯನ್ನು ಮುಂದಕ್ಕೆ ಸರಿಸಿದರು.

“ಆ ಮೂಲೆ ನನಗಿರಲಿ, ಮಗು. ಮೊದಲು ನನಗೆ ಹಾಕು.”