ಚಿಮಣಿ ಉಳಿಸಿದರೆ ಪರಂಪರೆ ಉಳಿಯಿತೆ?

ಬೆಂಗಳೂರಿನ ಪಶ್ಚಿಮ ಭಾಗ ಒಂದು ಕಾಲಕ್ಕೆ ಸೈರನ್ ಸದ್ದಿಗೆ ಏಳುತ್ತಿದ್ದ, ಸೈರನ್ ಸದ್ದಿಗೆ ಊಟಕ್ಕೆ ಕೂರುತ್ತಿದ್ದ ಊರು. ಇಂದು ಅಲ್ಲಿ ಮಿಲ್ಲುಗಳಿಲ್ಲ, ಮಾಲ್‌ಗಳಿವೆ. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ 2010ರಿಂದ ಮಂತ್ರಿ ಮಾಲ್ ಇದೆ. ರಾಜಾಜಿನಗರದ ಅಂಚಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ಸುಮಾರು 40 ಎಕರೆಯಲ್ಲಿ ಒರಾಯನ್ ಮಾಲ್, ಹೋಟೆಲು, ವಸತಿ ಗೋಪುರಗಳು ಎದ್ದಿವೆ. 1884ರಷ್ಟು ಹಳೆಯದಾದ ಬಿನ್ನಿ ಮಿಲ್ಲಿನ ಜಮೀನಿನ ಕತೆಯೂ ಬೇರೆಯಲ್ಲ. ಇದನ್ನೆಲ್ಲ ನಾವು ಅಭಿವೃದ್ಧಿ ಎಂದು ಕರೆದೆವು. ಏನು ಕಳೆದುಕೊಂಡೆವೆಂದು ಕೇಳುವ ಗೋಜಿಗೆ ಹೋಗಲಿಲ್ಲ.

ಈಗ ಕೇಳಲೇಬೇಕಾಗಿದೆ. ಏಕೆಂದರೆ ಈ ಭಾಗದಲ್ಲಿ ಕೊನೆಯದೆನ್ನಬಹುದಾದ ಒಂದು ದೊಡ್ಡ ಅವಕಾಶ ಇನ್ನೂ ಉಳಿದಿದೆ. ಅದು ಹಳೇ ತುಮಕೂರು ರಸ್ತೆಯ ಮೈಸೂರು ಲ್ಯಾಂಪ್ಸ್ ಕಾರ್ಖಾನೆ.

ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಮೂರು ದಶಕಗಳ ನಂತರ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1936ರಲ್ಲಿ ಮೈಸೂರು ಲ್ಯಾಂಪ್ಸ್ ಶುರುವಾಯಿತು. ಬರೀ ವಿದ್ಯುತ್ತು ತಂದರೆ ಸಾಲದು, ಬಲ್ಬನ್ನೂ ನಾವೇ ಮಾಡಬೇಕೆಂಬ ಛಲ ಆ ಕಾಲಕ್ಕಿತ್ತು. ಮುಂದೆ ಅದು ಸರ್ಕಾರಿ ಸ್ವಾಮ್ಯದ ಉದ್ದಿಮೆಯಾಗಿ ನಡೆದು, 2003ರಲ್ಲಿ ಬಾಗಿಲು ಹಾಕಿತು. ಉಳಿದದ್ದು ಸುಮಾರು 21 ಎಕರೆ ಜಮೀನು, ಹಳೆಯ ಶೆಡ್ಡುಗಳು, ತಾವಾಗಿಯೇ ಬೆಳೆದ ಮರಗಳು. 2020ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ‘ಬೆಂಗಳೂರು ಮಿಷನ್ 2022’ ಘೋಷಿಸಿದಾಗ, ಇಲ್ಲಿ ನಾಡಿನ ಸಂಸ್ಕೃತಿಯನ್ನು ಪರಿಚಯಿಸುವ ಕೇಂದ್ರ ಬರುತ್ತದೆಂದು ಹೇಳಲಾಯಿತು. 2022 ಬಂತು, ಹೋಯಿತು.

ಮಾರಾಟಕ್ಕೆ ಹೋಲಿಸಿದರೆ ಇದು ಒಳ್ಳೆಯ ಯೋಚನೆ ಎಂಬುದರಲ್ಲಿ ಅನುಮಾನವಿಲ್ಲ. ನನ್ನ ತಕರಾರು ಇರುವುದು ಸಂಸ್ಕೃತಿ ಎಂಬ ಶಬ್ದವನ್ನು ನಮ್ಮ ಅಧಿಕಾರಸ್ಥರು ಅರ್ಥಮಾಡಿಕೊಳ್ಳುವ ರೀತಿಯ ಬಗ್ಗೆ. ಸಂಸ್ಕೃತಿ ಎಂದೊಡನೆ ಅವರಿಗೆ ಹಂಪಿ, ಬೇಲೂರು, ದಸರಾ ಅಂಬಾರಿ ನೆನಪಾಗುತ್ತವೆ. ಅವು ಬೇಕು. ಆದರೆ ಅವುಗಳ ಪ್ರತಿಕೃತಿ ತೋರಿಸಲು ಒಂದು ಬಲ್ಬ್ ಕಾರ್ಖಾನೆಯೇ ಏಕೆ ಬೇಕು? ಕಾರ್ಖಾನೆಯೊಳಗೆ ಅಂಬಾರಿ ಇಟ್ಟು, ಅಲ್ಲಿ ದುಡಿದವರ ಸುಳಿವೇ ಇಲ್ಲದಂತೆ ಮಾಡಿದರೆ ಅದು ಪರಂಪರೆಯ ಹೆಸರಿನಲ್ಲಿ ನಡೆಯುವ ಮರೆವು.

ಕಾನೂನಿನ ಕಣ್ಣೂ ಹೀಗೆಯೇ ಇದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಕ್ಷಣೆ ಸಿಗಬೇಕಾದರೆ ಕಟ್ಟಡಕ್ಕೆ ಕನಿಷ್ಠ 100 ವರ್ಷವಾಗಿರಬೇಕು. ಮೈಸೂರು ಲ್ಯಾಂಪ್ಸಿಗೆ ಆ ವಯಸ್ಸು ತುಂಬುವುದು 2036ಕ್ಕೆ. ಅಷ್ಟರೊಳಗೆ ಗೋಡೆಗಳಿರುತ್ತವೆಯೆ? ಬಿನ್ನಿ ಮಿಲ್ಲಿಗೆ ನೂರು ದಾಟಿತ್ತು. ನೂರು ದಾಟಿದ್ದೇ ಅದನ್ನು ಕಾಪಾಡಲಿಲ್ಲ. ಅರಮನೆ, ಕೋಟೆ, ಗುಡಿ, ಗುಂಬಜ್ ಸ್ಮಾರಕವೆನಿಸುತ್ತವೆ; ನೂಲುವ ಶೆಡ್ಡು ಗುಜರಿ ಎನಿಸುತ್ತದೆ. ಆಳಿದವರ ಮನೆ ಇತಿಹಾಸ, ದುಡಿದವರ ಜಾಗ ಬರೀ ರಿಯಲ್ ಎಸ್ಟೇಟ್. ಈ ಭೇದ ಮಾಡಿದವರು ಯಾರು?

ಹೆಸರುಗಳು ಹೇಗೆ ಅಳಿಯುತ್ತವೆ ನೋಡಿ. ಬಿನ್ನಿಪೇಟೆ ಎಂಬುದು ಒಂದು ವಿಧಾನಸಭಾ ಕ್ಷೇತ್ರದ ಹೆಸರಾಗಿತ್ತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ಮಾಯವಾಯಿತು. ಅಲ್ಲಿಂದ ಸ್ವಲ್ಪವೇ ದೂರದ ಮಿನರ್ವ ಮಿಲ್ಲಿನ ಹೆಸರು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲರಿಗೂ ಬಾಯಿಪಾಠ. ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವ ಅಧಿಕಾರ ಸಂಸತ್ತಿಗಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟು 1980ರಲ್ಲಿ ಮತ್ತೆ ಎತ್ತಿಹಿಡಿದದ್ದು ಈ ಮಿಲ್ಲಿನ ರಾಷ್ಟ್ರೀಕರಣದ ಪ್ರಕರಣದಲ್ಲಿಯೇ. ಆದರೆ ಬೆಂಗಳೂರಿನ ಯುವಕರಿಗೆ ಮಿನರ್ವ ಮಿಲ್ ಎಂದರೆ ಸಿನಿಮಾ ಸೆಟ್ ಹಾಕುವ ಜಾಗ. ಸಿನಿಮಾ ತೆಗೆಯಲಿ, ಬೇಡವೆನ್ನುವವರಾರು? ಮಗ್ಗದ ಶೆಡ್ಡು ತೆರೆಯ ಮೇಲೆ ರೌಡಿಗಳ ಅಡ್ಡೆಯಾಗಿ ಮಾತ್ರ ನೆನಪಿನಲ್ಲಿ ಉಳಿದರೆ ನಾಚಿಕೆಪಡಬೇಕಾದವರು ನಾವು.

ಮುಂಬೈಯ ಪಾಠ ನಮ್ಮ ಕಣ್ಣ ಮುಂದಿದೆ. ಅಲ್ಲಿ 1991ರಲ್ಲಿ ತಂದ ನಿಯಮದ ಪ್ರಕಾರ ಮಿಲ್ ಜಮೀನನ್ನು ಸ್ಥೂಲವಾಗಿ ಮೂರು ಪಾಲು ಮಾಡಬೇಕಿತ್ತು: ಒಂದು ಪಾಲು ನಗರದ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಆ ನಿಯಮ ತಿದ್ದಿ, ಹಂಚಿಕೆ ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಎಂದರು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಒಂದೇ ತಿದ್ದುಪಡಿ, ಸಾರ್ವಜನಿಕರ ಪಾಲು ಕರಗಿಹೋಯಿತು. ಇಂದು ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಚಿಮಣಿ ಮಾಲ್ ನಡುವೆ ನಿಂತಿದೆ. ಹೊಗೆಯಿಲ್ಲ, ಕೆಲಸಗಾರರಿಲ್ಲ, ಬರೀ ಅಲಂಕಾರ. ಚಿಮಣಿ ಉಳಿಯಿತು. ಪರಂಪರೆ ಉಳಿಯಿತೆ?

ಬೇರೆ ದಾರಿಯೂ ಇದೆ. ಅಮೆರಿಕದ ಲೋವೆಲ್ ಪಟ್ಟಣದ ಹತ್ತಿಗಿರಣಿಗಳನ್ನು 1978ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿಸಿದರು. ಅಲ್ಲಿನ ಬೂಟ್ ಮಿಲ್ಲಿನಲ್ಲಿ ಮಗ್ಗಗಳು ಓಡುತ್ತವೆ. ಆ ಸದ್ದು ಕಿವಿಗಡಚಿಕ್ಕುತ್ತದೆ. ದಿನವಿಡೀ ಆ ಸದ್ದಿನಲ್ಲಿ ನಿಂತು ದುಡಿದ ಹೆಣ್ಣುಮಕ್ಕಳ ಬದುಕನ್ನು ನೋಡುಗರಿಗೆ ತಿಳಿಸುತ್ತಾರೆ. ಜರ್ಮನಿಯ ಎಸ್ಸೆನ್‌ನಲ್ಲಿ 1986ರಲ್ಲಿ ಮುಚ್ಚಿದ ಜೋಲ್‌ವೆರೈನ್ ಕಲ್ಲಿದ್ದಲು ಗಣಿ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

‘ಭಾವುಕತೆಯಿಂದ ಹೊಟ್ಟೆ ತುಂಬುವುದಿಲ್ಲ, ಸರ್ಕಾರದ ಬಳಿ ದುಡ್ಡೆಲ್ಲಿದೆ?’ ಎನ್ನುವವರಿದ್ದಾರೆ. ಹಳೆಯ ಕಾರ್ಖಾನೆ ಶೆಡ್ಡು ಎಂದರೆ ನಡುವೆ ಹೆಚ್ಚು ಕಂಬಗಳಿಲ್ಲದ ವಿಶಾಲ ಜಾಗ. ಗರಗಸದ ಹಲ್ಲಿನಂತಹ ಛಾವಣಿಯಿದ್ದರೆ ಬಿಸಿಲಿಲ್ಲದೆ ಬೆಳಕು ಒಳಗೆ ಬರುತ್ತದೆ. ಗ್ರಂಥಾಲಯಕ್ಕೆ, ತರಬೇತಿ ಶಾಲೆಗೆ, ರಂಗಮಂದಿರಕ್ಕೆ ಇದಕ್ಕಿಂತ ಬೇರೇನು ಬೇಕು? ಇದ್ದದ್ದನ್ನು ಒಡೆದು ಗಾಜಿನ ಪೆಟ್ಟಿಗೆ ಕಟ್ಟಿ, ಅದನ್ನು ತಂಪಾಗಿಡಲು ವರ್ಷಪೂರ್ತಿ ಕರೆಂಟ್ ಬಿಲ್ ಕಟ್ಟುವುದೇ ನಿಜವಾದ ದುಂದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಮಿಲ್ಲುಗಳೇನು ಸ್ವರ್ಗವಾಗಿದ್ದವೆ? ಇಲ್ಲ. ಹತ್ತಿಯ ದೂಳು ಕೆಲಸಗಾರರ ಶ್ವಾಸಕೋಶ ತಿಂದಿದೆ. ಹಕ್ಕುಗಳೆಲ್ಲ ಮುಷ್ಕರ ಹೂಡಿದ ಮೇಲೆ ಸಿಕ್ಕವು. ಅದಕ್ಕೇ ಹೇಳುತ್ತಿರುವುದು, ಉಳಿಸಬೇಕಾದದ್ದು ಹಳೆಯ ಇಟ್ಟಿಗೆಯ ಚಂದವನ್ನಲ್ಲ, ಪೂರ್ತಿ ಕತೆಯನ್ನು. 1949ರಲ್ಲಿ ರಾಜಾಜಿಯವರ ಹೆಸರಿನಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ ರಾಜಾಜಿನಗರದಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಇಎಸ್‌ಐ ಆಸ್ಪತ್ರೆ ಇಂದಿಗೂ ಇದೆ. ಆದರೆ ಆ ಕಾರ್ಮಿಕರು ಯಾರು, ಎಲ್ಲಿಂದ ಬಂದರು, ಯಾವ ಭಾಷೆಯಾಡಿದರು ಎಂದು ಹೇಳುವ ಒಂದು ಕೋಣೆಯೂ ಈ ಭಾಗದಲ್ಲಿಲ್ಲ. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಪಾಳಿಯಲ್ಲಿ ಬೆರೆತ ಊರಿದು. ಕರಗ ಇಂದಿಗೂ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುತ್ತದೆ. ಜನರನ್ನು ಪೇಟೆ ಪೇಟೆಯಾಗಿ, ಜಾತಿ ಜಾತಿಯಾಗಿ ಬೇರ್ಪಡಿಸುವ ಇಂದಿನ ದಿನಗಳಲ್ಲಿ ಇಂತಹ ನೆನಪಿಗೆ ಬೆಲೆ ಕಟ್ಟಲಾದೀತೆ?

ಹಾಗಾಗಿ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಸರಳವಾಗಿವೆ. ಒಂದು, ಮೈಸೂರು ಲ್ಯಾಂಪ್ಸಿನ ಒಂದಿಂಚು ಜಮೀನೂ ಮಾರಾಟಕ್ಕಾಗಲಿ, ದೀರ್ಘ ಗುತ್ತಿಗೆಗಾಗಲಿ ಹೋಗಕೂಡದು. ಎರಡು, ಗಟ್ಟಿಯಾಗಿರುವ ಶೆಡ್ಡುಗಳನ್ನೂ ಮರಗಳನ್ನೂ ಉಳಿಸಿಕೊಂಡೇ ಹೊಸ ಬಳಕೆ ಯೋಚಿಸಬೇಕು. ಮೂರು, ಅಲ್ಲಿ ಬಲ್ಬ್ ಮಾಡಿದವರು, ಬಿನ್ನಿ, ಮಿನರ್ವ, ರಾಜಾ ಮಿಲ್ಲುಗಳಲ್ಲಿ ದುಡಿದವರು ಬದುಕಿರುವಾಗಲೇ ಅವರ ಮಾತು, ಹಾಜರಿ ಚೀಟಿ, ಫೋಟೋಗಳನ್ನು ಸಂಗ್ರಹಿಸಿ ಒಂದು ಶ್ರಮ ವಸ್ತುಸಂಗ್ರಹಾಲಯ ಮಾಡಬೇಕು. ನಾಲ್ಕು, ಲಗ್ಗೆರೆ, ಕಾಮಾಕ್ಷಿಪಾಳ್ಯ, ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಭಾನುವಾರ ಮಕ್ಕಳೊಂದಿಗೆ ಟಿಕೆಟ್ ಇಲ್ಲದೆ ಬಂದು ಕೂರುವಂತಿರಬೇಕು.

ಈ ನಾಲ್ಕನೆಯದು ಸಣ್ಣ ವಿಷಯವಲ್ಲ. ಮಾಲ್ ಬಾಗಿಲಲ್ಲಿ ಸೆಕ್ಯುರಿಟಿಯವನ ನೋಟಕ್ಕೆ ಹೆದರಿ ಹಿಂದೆ ಸರಿಯುವ ಹೆಣ್ಣುಮಗಳು, ಅವಳ ಅಜ್ಜ ದುಡಿದಂತಹ ಜಾಗದೊಳಗೆ ತಲೆಯೆತ್ತಿ ನಡೆದರೆ ಅಂದು ಪರಂಪರೆ ಉಳಿಯಿತೆಂದು ಹೇಳಬಹುದು. ಅಲ್ಲಿಯವರೆಗೆ ಎಷ್ಟು ಚಿಮಣಿ ಉಳಿಸಿದರೂ ಅವು ಬರೀ ಕಂಬಗಳೇ.