ಕಡುನೀಲಿಯ ಕೋಣೆ

ಮನೆಗೆ ಬಣ್ಣ ಬಳಿಸುವ ಕಾಲ ಬಂದಿತೆಂದರೆ, ಮನೆಮಂದಿಯಲ್ಲಿ ಅಡಗಿದ್ದ ಭಿನ್ನಾಭಿಪ್ರಾಯಗಳೆಲ್ಲ ಹಳೆಯ ಸುಣ್ಣದ ಹಕ್ಕಳೆಗಳಂತೆ ಒಂದೊಂದಾಗಿ ಏಳತೊಡಗುತ್ತವೆ. ಹೋದ ವರ್ಷ ನಮ್ಮಲ್ಲಿಯೂ ಹಾಗೆಯೇ ಆಯಿತು. ನನ್ನ ಓದುವ ಕೋಣೆಯ ನಾಲ್ಕು ಗೋಡೆಗಳಿಗೂ ಕಡುನೀಲಿಯೇ ಆಗಬೇಕೆಂದು ನಾನು ಹಟ ಹಿಡಿದೆ. ಅಂಗಡಿಯ ಬಣ್ಣದ ಪಟ್ಟಿಯಲ್ಲಿ ಹೆಬ್ಬೆರಳಗಲದ ಆ ಚೌಕವನ್ನು ಕಂಡಾಗ, ಮಳೆ ನಿಂತ ಸಂಜೆಯ ಆಕಾಶವನ್ನೇ ಕತ್ತರಿಸಿ ಅಂಟಿಸಿದ್ದಾರೆಂದು ತೋರಿತ್ತು. ಕೆಲಸ ಮುಗಿದ ದಿನ, ಎಂಬತ್ತನ್ನು ಸಮೀಪಿಸಿರುವ ನಮ್ಮ ತಾಯಿ ಹೊಸಿಲ ಬಳಿ ನಿಂತು ನೋಡಿದರು. "ಇದೇನಪ್ಪಾ, ಕೋಣೆಗೆಲ್ಲ ಮಸಿ ಬಳಿಸಿಬಿಟ್ಟೆಯಲ್ಲ! ಆಗೆಲ್ಲ ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕಿದ್ದರೆ ಸಾಕಾಗುತ್ತಿತ್ತು" ಎಂದರು.

ಮೇಷ್ಟರಾದವರಿಗೆ ಸುಮ್ಮನಿರುವುದು ತಿಳಿಯದು. ನಾನು ಮನಸ್ಸಿನಲ್ಲಿಯೇ ಒಂದು ವ್ಯಾಖ್ಯಾನವನ್ನು ಕಟ್ಟಿಕೊಂಡೆ. ಬಿಳಿ, ಕರಿ, ಕೆಂಪು, ಹಸಿರು ಇವಕ್ಕೆ ಕನ್ನಡದ್ದೇ ಆದ ಮಾತುಗಳಿವೆ, ನೀಲಿಗಿಲ್ಲ. ಸಂಸ್ಕೃತದ 'ನೀಲ'ವನ್ನು ನಾವು ಬರಮಾಡಿಕೊಂಡೆವು. ಆ ಶಬ್ದವಾದರೂ ನೀಲಿ ಕಪ್ಪುಗಳ ನಡುವಣ ಗಡಿಯನ್ನು ಬಿಗಿಯಾಗಿ ಕಾಯುವಂಥದಲ್ಲ. ಕಾರ್ಮುಗಿಲೂ ಕೃಷ್ಣನ ಮೈಬಣ್ಣವೂ ಅದರ ಎಲ್ಲೆಯೊಳಗೇ ಬರುತ್ತವೆ. ತಾಯಿಯವರದು ಈ ಹಳೆಯ ನುಡಿಯ ರೂಢಿ, ಅದರ ಜೊತೆಗೆ ಮನೆಯೊಳಗೆ ಕಪ್ಪು ಕೂಡದೆಂಬ ಶಂಕೆ ಎಂದು ತೀರ್ಮಾನಿಸಿದೆ. ವ್ಯಾಖ್ಯಾನ ಸೊಗಸಾಗಿತ್ತು. ಅದು ತಪ್ಪೆಂದು ತಿಳಿಯಲು ಆರು ತಿಂಗಳು ಬೇಕಾಯಿತು.

ಅವರು ನೆನೆದ ಆ ಚಿಟಿಕೆ ನೀಲಿಯ ವಿಚಾರವನ್ನು ಸ್ವಲ್ಪ ಹೇಳಬೇಕು. ಬಿಳಿಯ ಬಟ್ಟೆಗೆ ಹಾಕುವ ನೀಲಿಯನ್ನೇ ನಮ್ಮವರು ಸುಣ್ಣದ ನೀರಿಗೂ ಬೆರೆಸುತ್ತಿದ್ದರು. ಸುಣ್ಣದ ಹಳದಿ ಛಾಯೆ ಅಡಗಿ ಬಿಳುಪು ಇನ್ನಷ್ಟು ಬಿಳುಪಾಗಿ ಕಾಣುತ್ತಿತ್ತು. ಕೈ ತುಸು ಜಾರಿದರೆ ಗೋಡೆ ತಿಳಿನೀಲಿಗೆ ತಿರುಗುತ್ತಿತ್ತು. ಇದಕ್ಕೆ ಒದಗುತ್ತಿದ್ದ ಪುಡಿ ಅಲ್ಟ್ರಾಮರೀನ್. ಒಂದು ಕಾಲಕ್ಕೆ ಆಫ್ಘಾನಿಸ್ತಾನದ ಬದಖ್‌ಶಾನದ ಗಣಿಗಳಿಂದ ಬಂದ ನೀಲಿಯ ಕಲ್ಲನ್ನು ಅರೆದೇ ಅದನ್ನು ಪಡೆಯಬೇಕಾಗಿತ್ತು; ಯುರೋಪಿನ ಚಿತ್ರಕಾರರಿಗೆ ಅದು ಬಲು ದುಬಾರಿಯ ವಸ್ತು. 1828ರ ವೇಳೆಗೆ ಫ್ರಾನ್ಸಿನ ಗಿಮೆ, ಜರ್ಮನಿಯ ಗ್ಮೆಲಿನ್ ಇವರು ಅದನ್ನು ಕೃತಕವಾಗಿ ತಯಾರಿಸುವ ಬಗೆಯನ್ನು ಕಂಡುಕೊಂಡ ಮೇಲೆ ಅದು ನಮ್ಮ ಬಚ್ಚಲ ಗೂಡಿಗೂ ಬಂದು ಕುಳಿತಿತು. ಪ್ರಶಿಯನ್ ನೀಲಿಯೆಂಬ ಇನ್ನೊಂದುಂಟು. ಸುಣ್ಣದ ಕ್ಷಾರ ತಗುಲಿದರೆ ಅದು ಕೆಟ್ಟುಹೋಗುತ್ತದೆ. ಅಲ್ಟ್ರಾಮರೀನ್ ಕೆಡುವುದಿಲ್ಲ.

ಆದರೆ ಆ ನೀಲಿ ಬೆಳಕಿಗೆ ನೆರವಾಗುತ್ತಿದ್ದ ನೀಲಿ. ನಾನು ಬಳಿಸಿದ್ದು ಬೆಳಕನ್ನು ನುಂಗುವ ನೀಲಿ. ಒಳ್ಳೆಯ ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಹಿಂದಿರುಗಿಸಿದರೆ, ಕಡುನೀಲಿಯ ಗೋಡೆ 10ನ್ನೂ ಹಿಂದಿರುಗಿಸದು.

ತಾಯಿಯವರ ಕಣ್ಣಿಗೆ ಪೊರೆ ಬಂದಿದೆಯೆಂದು ವೈದ್ಯರು ಹೇಳಿದ್ದು ಆಮೇಲೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆಯಂತೆ. ಹಳದಿಯ ಮಸೂರ ಮೊದಲು ತಡೆಯುವುದು ನೀಲಿಯ ಬೆಳಕನ್ನೇ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ಇದೇ ಬಾಧೆಗಾಗಿ 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು ನಾನು ಓದಿದ್ದೆ. ಓದಿದ್ದು ಮನೆಯೊಳಗೆ ಉಪಯೋಗಕ್ಕೆ ಬರಲಿಲ್ಲ. ಒಂದು ಕಣ್ಣಿನ ಚಿಕಿತ್ಸೆಯಾಗಿ ಕೆಲವು ದಿನಗಳ ಮೇಲೆ ತಾಯಿ ನನ್ನ ಕೋಣೆಗೆ ಬಂದು, ಒಮ್ಮೆ ಈ ಕಣ್ಣನ್ನೂ ಒಮ್ಮೆ ಆ ಕಣ್ಣನ್ನೂ ಅಂಗೈಯಿಂದ ಮುಚ್ಚಿ ನೋಡಿದರು. "ಈ ಕಣ್ಣಿಗೆ ನೀಲಿ ಕಣೋ, ಈ ಕಣ್ಣಿಗೆ ಮಸಿಯೇ" ಎಂದರು. ಆ ದಿನ ಅವರು ಆಡಿದ್ದು ಶಂಕೆಯನ್ನಲ್ಲ, ಕಂಡದ್ದನ್ನು. ಶಬ್ದಾರ್ಥದ ಗುಂಗಿನಲ್ಲಿ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ.

ಇಷ್ಟರಿಂದ ಕಡುನೀಲಿಯ ಮೇಲೆ ನನಗೆ ವೈಮನಸ್ಯ ಬಂದಿಲ್ಲ. ಅದು ಸಂಜೆಯ ಬಣ್ಣ. ಮಬ್ಬು ಕವಿದಂತೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಬಹಳ ಹೊತ್ತು ಉಳಿಯುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 1825ರಲ್ಲಿ ಇದನ್ನು ವಿವರಿಸಿದನು. ಪುಟದ ಮೇಲೆ ದೀಪವೊಂದಿದ್ದರೆ ಓದಿಗೆ ಗೋಡೆಯ ಕತ್ತಲು ಅಡ್ಡಿಯಲ್ಲ, ಒಂದು ಬಗೆಯ ಏಕಾಂತವೇ ಸರಿ. ಬಳಿದರೆ ಕೋಣೆಗೆಲ್ಲ ಬಳಿಯಬೇಕು. ಒಂದೇ ಗೋಡೆಗೆ ಗಾಢ ಬಣ್ಣ ತೊಡಿಸಿ ಉಳಿದ ಮೂರನ್ನು ಬಿಳಿ ಬಿಡುವ ಈಗಿನ ರೂಢಿ ನನಗೆ ಅಂಗಡಿಯ ನಾಮಫಲಕವನ್ನು ನೆನಪಿಗೆ ತರುತ್ತದೆ. ಆದರೆ ಮೆಟ್ಟಿಲ ಪಕ್ಕಕ್ಕೆ, ಬಚ್ಚಲ ಹಾದಿಗೆ, ಹಿರಿಯರು ರಾತ್ರಿ ಎದ್ದು ಗೋಡೆ ಹಿಡಿದು ನಡೆಯುವ ಎಡೆಗೆ ಅದು ಸಲ್ಲದು. ಅಲ್ಲಿಯ ಬಣ್ಣವನ್ನು ಆರಿಸಬೇಕಾದವರು ಪಟ್ಟಿ ಹಿಡಿದ ಮಕ್ಕಳಲ್ಲ, ಮನೆಯಲ್ಲಿ ಎಲ್ಲರಿಗಿಂತ ಹಳೆಯ ಕಣ್ಣುಳ್ಳವರು.

ನಮ್ಮ ನಡುಮನೆಗೆ ಬಣ್ಣ ಇನ್ನೂ ಆಗಿಲ್ಲ. ಎರಡನೆಯ ಕಣ್ಣಿನ ಚಿಕಿತ್ಸೆ ಮುಗಿಯುವವರೆಗೆ ಆ ಮಾತನ್ನು ಎತ್ತಕೂಡದೆಂದು ತಾಯಿಯವರ ಅಪ್ಪಣೆಯಾಗಿದೆ.